ತಂಪಿನ ಅಳತೆ

ನನ್ನ ಮೂಗು ಸತ್ತದ್ದು ಒಂದು ಸೋಮವಾರ. ಸತ್ತದ್ದು ಅಂದರೆ, ಮುಖದ ಮೇಲೆ ಎಂದಿನ ಜಾಗದಲ್ಲೇ ಕೂತಿದೆ, ಉಸಿರಾಡುತ್ತದೆ, ನೆಗಡಿಯಾದರೆ ಸೋರುತ್ತದೆ. ವಾಸನೆ ಮಾತ್ರ ಹಿಡಿಯುವುದಿಲ್ಲ. ಹತ್ತು ದಿನ ಕಾಡಿದ ಜ್ವರ ಬಿಟ್ಟ ಬೆಳಿಗ್ಗೆ, ನಾದಿನಿಯ ಚಹಾಕ್ಕೆ ನಾಲ್ಕು ಎಲೆ ಪುದೀನ ಕಿತ್ತುಕೊಡೋಣವೆಂದು ಅಡುಗೆಮನೆ ಕಿಟಕಿಯ ಕುಂಡಕ್ಕೆ ಕೈ ಹಾಕಿದೆ. ಪುದೀನ ಮುಟ್ಟಿದ ಬೆರಳು ಮಧ್ಯಾಹ್ನದವರೆಗೂ ಘಮಘಮ ಅನ್ನಬೇಕು. ಮೂಸಿದೆ, ಏನೂ ಇಲ್ಲ. ಎಲೆಯನ್ನು ಅಂಗೈಯಲ್ಲಿ ಹೊಸಕಿ ಮೂಗಿಗೇ ತುರುಕಿಕೊಂಡೆ. ಒದ್ದೆ ಕಾಗದ ಮೂಸಿದಂತಿತ್ತು.

ಅಷ್ಟರಲ್ಲಿ ನಾದಿನಿ ಒಳಗಿಂದ ಓಡಿಬಂದಳು. “ಅತ್ತಿಗೆ, ಹಾಲು ಸೀದು ಮನೆಯೆಲ್ಲ ನಾರ್ತಿದೆ! ನೀವು ಒಲೆ ಪಕ್ಕದಲ್ಲೇ ನಿಂತು ಎಲೆ ಜೊತೆ ಆಟ ಆಡ್ತಿದೀರಲ್ಲ?”

ನಾನು ಅವಳ ಮುಖ ನೋಡಿದೆ. ಅವಳಿಗೆ ಅಷ್ಟೇ ಸಾಕಾಯಿತು. ಅವಳನ್ನು ಓಣಿಯವರೆಲ್ಲ ಸೂಜಿ ಎಂದು ಕರೆಯುವುದು ಬಟ್ಟೆ ಹೊಲಿಯುತ್ತಾಳೆ ಎಂಬ ಕಾರಣಕ್ಕೆ ಮಾತ್ರವಲ್ಲ.

ವೈದ್ಯರ ಹತ್ತಿರ ಹೋದೆವು. ಅವರು ಮೂಗಿನೊಳಗೆ ಬ್ಯಾಟರಿ ಬಿಟ್ಟು ನೋಡಿ, “ಬಂದರೂ ಬರಬಹುದು, ಬರದೆಯೂ ಇರಬಹುದು” ಎಂದರು. ಇಷ್ಟು ಹೇಳುವುದಕ್ಕೆ ಅಷ್ಟು ವರ್ಷ ಓದಬೇಕಿತ್ತೇ ಎಂದು ನನಗೆ ಸಿಟ್ಟು ಬಂತು. ಬೇರೆಯವರಿಗಾದರೆ ಮೂಗು ಹೋದರೆ ಊಟದ ರುಚಿ ಹೋಗುತ್ತದೆ. ನನಗೆ ಊಟವೇ ಹೋಗುತ್ತಿತ್ತು.

ನಾನು ಪೆಪ್ಪರ್‌ಮೆಂಟ್ ಕಾರ್ಖಾನೆಯಲ್ಲಿ ಎಣ್ಣೆ ಹಾಕುವವಳು. ಪುದೀನ ಎಣ್ಣೆ. ಅಲ್ಲಿ ಎಲ್ಲರಿಗೂ ನಾನು ಎಣ್ಣೆಯಕ್ಕ. ಹೊರಗಿನವರು ಈ ಹೆಸರು ಕೇಳಿದರೆ ನಾನು ಬಾಟಲಿ ಎತ್ತುವವಳೆಂದು ಹಲ್ಲು ಕಿರಿಯುತ್ತಾರೆ. ಬಾಟಲಿ ಎತ್ತುವುದು ನಿಜ, ಆದರೆ ಕುಡಿಯುವುದಕ್ಕಲ್ಲ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಒಂದು ಉದ್ದನೆಯ ಕೋಣೆ, ಎರಡು ಒಲೆ, ತಾಮ್ರದ ಕೊಪ್ಪರಿಗೆ, ಒಂದು ಕಲ್ಲಿನ ಹಾಸು, ಗೋಡೆಗೆ ಹೊಡೆದ ತೋಳುದ್ದದ ಕಬ್ಬಿಣದ ಕೊಕ್ಕೆ. ಯಜಮಾನರು ತಾವೇ ನಿಂತು ಸಕ್ಕರೆ ಪಾಕ ಕಾಯಿಸುತ್ತಾರೆ. ಆ ಪಾಕವನ್ನು ಕಲ್ಲಿನ ಮೇಲೆ ಸುರಿದು, ಅಂಚು ಗಟ್ಟಿಯಾದಾಗ ಮಡಿಸಿ ಮಡಿಸಿ ಉಂಡೆ ಮಾಡಿ, ಕೊಕ್ಕೆಗೆ ಹಾಕಿ ಎಳೆಯುವುದು ನಾವೆಲ್ಲ ಪೈಲ್ವಾನ ಎಂದು ಕರೆಯುವ ದಢೂತಿ ಆಳಿನ ಕೆಲಸ. ಎಳೆದಷ್ಟೂ ಬೆಳ್ಳಗಾಗುತ್ತದೆ. ಎಳೆಯುವಾಗ ಅಳತೆ ಬಟ್ಟಲಿನಿಂದ ಎಣ್ಣೆ ಬಿಡುವವಳು ನಾನು. ಕೊನೆಗೆ ಉಗುರಿನಷ್ಟು ಚೂರು ಕತ್ತರಿಸಿ ಬಾಯಿಗೆ ಹಾಕಿಕೊಂಡು “ಸರಿ” ಎನ್ನಬೇಕು. ನಾನು ಸರಿ ಎಂದ ಮೇಲೆ ಆ ಪಾಕದ ಬಗ್ಗೆ ಯಾರೂ ಸೊಲ್ಲೆತ್ತುವಂತಿಲ್ಲ.

ಅದಕ್ಕೆ ಕಾರಣವಿದೆ. ಪುದೀನದ ಕೋಣೆಯಲ್ಲಿ ದಿನವಿಡೀ ಇರುವವರಿಗೆ ಪುದೀನದ ವಾಸನೆ ಬರುವುದಿಲ್ಲ. ಒಂದು ಗಂಟೆಯಲ್ಲಿ ಮೂಗು ಮರಗಟ್ಟಿ ಹೋಗುತ್ತದೆ. ಹೊರಗಿನಿಂದ ಬಂದವರು “ಆಹಾ!” ಅಂದಾಗ ಪೈಲ್ವಾನ ನಿಜವಾಗಿಯೂ “ಏನು?” ಎಂದು ಕೇಳುತ್ತಾನೆ. ಅಲ್ಲಿ ಮೂಗು ಕಾಪಾಡಿಕೊಳ್ಳಬೇಕಾದವಳು ಒಬ್ಬಳೇ, ಎಣ್ಣೆ ಹಾಕುವವಳು. ಅವಳ ಕುರ್ಚಿ ಹಿಂಬಾಗಿಲಿನ ಗಾಳಿಗೆ. ಅವಳು ಉಪ್ಪಿನಲ್ಲಿ ಹಲ್ಲುಜ್ಜಬೇಕು, ಪುದೀನ ಚಹಾ ಕುಡಿಯಬಾರದು, ನಿಂಬೆ ಪಾನಕಕ್ಕೆ ಎಲೆ ಹಾಕಿಕೊಳ್ಳಬಾರದು, ತಲೆನೋವು ಬಂದರೂ ಮುಲಾಮು ಹಚ್ಚಿಕೊಳ್ಳದೆ ಅನುಭವಿಸಬೇಕು. ಈ ಕಟ್ಟುಪಾಡು ಮಾಡಿದವರು ನನ್ನ ಅತ್ತೆ; ಆ ಕುರ್ಚಿಯಲ್ಲಿ ನನಗಿಂತ ಮೊದಲು ಇದ್ದವರು. ಕಪಾಟಿನಲ್ಲಿ ಎರಡು ಕಂದು ಬಾಟಲಿ, ಎಡಗಡೆಯದು ಪುದೀನ, ಬಲಗಡೆಯದು ಚಳಿಗಾಲದ ಕೆಮ್ಮಿನ ಗುಳಿಗೆಗೆ ಹಾಕುವ ನೀಲಗಿರಿ ಎಣ್ಣೆ. ಎರಡಕ್ಕೂ ಚೀಟಿ ಇಲ್ಲ. “ಚೀಟಿ ಓದಿ ಎಣ್ಣೆ ಗುರುತಿಸೋಳು ಈ ಕುರ್ಚಿಗೆ ಲಾಯಕ್ಕಲ್ಲ” ಎಂದು ಅತ್ತೆಯ ಅಪ್ಪಣೆ. ಅವರು ಹೋಗಿ ಎಷ್ಟೋ ವರ್ಷವಾದರೂ ಬಾಟಲಿಗಳು ಬೋಳಾಗಿಯೇ ಇದ್ದವು.

ಅತ್ತೆಗೆ ಸ್ವಂತ ಮಗಳಿದ್ದಳು. ನನ್ನ ನಾದಿನಿಯ ಮೂಗು ನನ್ನದಕ್ಕಿಂತ ಚುರುಕು, ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೂ ಅತ್ತೆ ಕುರ್ಚಿ ಕೊಟ್ಟದ್ದು ಸೊಸೆಗೆ. “ಅವಳ ಮೂಗು ಚೆನ್ನಾಗಿದೆ, ಬಾಯಿ ಇನ್ನೂ ಚೆನ್ನಾಗಿದೆ. ಯಜಮಾನರ ಹತ್ತಿರ ಒಂದು ವಾರ ಬಾಳಲ್ಲ” ಎಂದು ನಕ್ಕುಬಿಟ್ಟಿದ್ದರು. ನಾದಿನಿ ನಗಲಿಲ್ಲ. ಹೊಲಿಗೆ ಯಂತ್ರ ಕೊಂಡುಕೊಂಡಳು. ನನ್ನ ಗಂಡ ತೀರಿಕೊಂಡ ಮೇಲೆ ಎರಡು ಕೋಣೆಯ ಆ ಮನೆಯಲ್ಲಿ ಉಳಿದವರು ನಾವಿಬ್ಬರೇ.

“ಯಜಮಾನರಿಗೆ ಹೇಳ್ಬಿಡಿ ಅತ್ತಿಗೆ” ಎಂದಳು ಅವಳು ವೈದ್ಯರಲ್ಲಿಂದ ಬರುವ ದಾರಿಯಲ್ಲೇ.

“ಹೇಳಿದ್ರೆ ಪ್ಯಾಕಿಂಗ್ ಮೇಜಿಗೆ ಕೂರಿಸ್ತಾರೆ.”

“ಕೂತ್ರೆ ಏನೀಗ? ಕಾಗದ ಸುತ್ತೋದೇನು ಅವಮಾನವಾ?”

“ಅವಮಾನ ಅಲ್ಲ. ಅದು ನನ್ನ ಕೆಲಸ ಅಲ್ಲ.” ಇಪ್ಪತ್ತೆರಡು ವರ್ಷ ಆ ಕುರ್ಚಿಯಲ್ಲಿ ಕೂತಿದ್ದೇನೆ. ಮದುವೆಯಾಗಿ ಬಂದ ಮನೆಯಲ್ಲಿ ನನ್ನದು ಅಂತ ಸಿಕ್ಕಿದ್ದು ಅದೊಂದೇ. ಬಿಡುವುದಿಲ್ಲ ಎಂದು ಆ ಬೀದಿಯಲ್ಲೇ ನಿಶ್ಚಯಿಸಿದೆ. ನಾನು ಒಮ್ಮೆ ಹಟ ಹಿಡಿದರೆ ನನ್ನ ಮಾತು ನಾನೇ ಕೇಳುವುದಿಲ್ಲ.

ಅಂದು ಮಧ್ಯಾಹ್ನ ಒಂದು ಎಲೆ ಅಗಿದು ನೋಡಿದೆ. ವಾಸನೆ ಇಲ್ಲ, ರುಚಿ ಇಲ್ಲ, ಹುಲ್ಲು ತಿಂದಂತೆ. ಆದರೆ ಬಾಯಿ ತೆರೆದು ಉಸಿರೆಳೆದುಕೊಂಡಾಗ ಗಂಟಲು ತಣ್ಣಗಾಯಿತು. ಇನ್ನೊಮ್ಮೆ ಎಳೆದುಕೊಂಡೆ. ಹೌದು, ತಣ್ಣಗೆ. ವಾಸನೆ ಹೋಗಿತ್ತು, ತಂಪು ಹೋಗಿರಲಿಲ್ಲ! ಸಂತೋಷಕ್ಕೆ ಕುಂಡದಲ್ಲಿದ್ದ ಅರ್ಧ ಗಿಡ ತಿಂದುಬಿಟ್ಟೆ.

ಅಂದಿನಿಂದ ನಮ್ಮ ಮನೆಯಲ್ಲಿ ಶಾಲೆ ಶುರುವಾಯಿತು. ಔಷಧಿ ಅಂಗಡಿಯಿಂದ ಪುದೀನ ಎಣ್ಣೆಯ ಸಣ್ಣ ಶೀಶೆ ತಂದೆ. ನಾದಿನಿ ನನಗೆ ಬೆನ್ನು ಹಾಕಿ ನಿಂತು ಒಂದು ಚಮಚ ಸಕ್ಕರೆಗೆ ಹನಿ ಬೆರೆಸುವುದು, ನಾನು ಅದನ್ನು ಬಾಯಿಗೆ ಹಾಕಿಕೊಂಡು ಎಷ್ಟು ಹನಿ ಎಂದು ಹೇಳುವುದು. ತಂಪು ಮೊದಲು ನಾಲಿಗೆಯ ತುದಿಗೆ ಬರುತ್ತದೆ, ಆಮೇಲೆ ಅಂಗುಳಕ್ಕೆ, ಕೊನೆಗೆ ಗಂಟಲಿಗೆ. ಎಣ್ಣೆ ಹೆಚ್ಚಿದಷ್ಟೂ ಬೇಗ ಗಂಟಲು ಮುಟ್ಟುತ್ತದೆ. ಎಷ್ಟು ಬೇಗ ಎಂಬುದನ್ನು ಮನಸ್ಸಿನಲ್ಲೇ ಎಣಿಸಿದೆ. ಸತತವಾಗಿ ತಿಂದರೆ ನಾಲಿಗೆಯೂ ಮರಗಟ್ಟುತ್ತದೆ, ಆದ್ದರಿಂದ ದಿನಕ್ಕೆ ಎರಡೇ ಚಮಚ.

“ನಾಲ್ಕು ಹನಿ” ಎನ್ನುತ್ತಿದ್ದೆ.

“ಒಂದು ಹನಿನೂ ಹಾಕಿಲ್ಲ. ಬರೀ ಸಕ್ಕರೆ” ಎನ್ನುತ್ತಿದ್ದಳು ಆ ಮಹಾತಾಯಿ.

ಮೊದಲ ವಾರ ಹೀಗೇ ಮಣ್ಣು ಮುಕ್ಕಿದೆ. ಎರಡನೆಯ ವಾರ ಮೂರರಲ್ಲಿ ಒಂದು ಸರಿಯಾಯಿತು. ಅಷ್ಟು ದಿನ ಕಾರ್ಖಾನೆಯಲ್ಲಿ ಹಳೆಯ ಅಳತೆಯನ್ನೇ ಕಣ್ಣುಮುಚ್ಚಿ ಹಾಕಿ, ಮುಖ ಗಂಟಿಕ್ಕಿಕೊಂಡು “ಸರಿ” ಎಂದೆ. ಮೂರನೆಯ ವಾರದ ಹೊತ್ತಿಗೆ ಗುಟ್ಟು ಕೈಗೆ ಸಿಕ್ಕಿತು. ಏಳು ಎಣಿಸುವಷ್ಟರಲ್ಲಿ ಗಂಟಲು ತಣ್ಣಗಾದರೆ ಅದು ನಮ್ಮ ಪೆಪ್ಪರ್‌ಮೆಂಟ್. ಐದಕ್ಕೇ ಆದರೆ ಎಣ್ಣೆ ಜಾಸ್ತಿ, ಒಂಬತ್ತಾದರೆ ಕಮ್ಮಿ. ಬಸ್ಸಿನಲ್ಲಿ ಹೊಟ್ಟೆ ತೊಳೆಸುವವರು, ಊಟದ ಮೇಲೆ ಬಾಯಿಗೆ ಹಾಕಿಕೊಳ್ಳುವವರು, ಪಾಠ ಕೇಳುತ್ತಾ ಕದ್ದು ಚೀಪುವ ಮಕ್ಕಳು, ಯಾರೊಬ್ಬರೂ ವ್ಯತ್ಯಾಸ ಹೇಳಲಿಲ್ಲ. ಒಂದು ದಿನ ಯಜಮಾನರೇ ಒಂದು ಚೂರು ಬಾಯಿಗೆ ಹಾಕಿಕೊಂಡು ತಲೆಯಾಡಿಸಿದರು. ನನಗೆ ಕೊಂಬು ಬಂತು. ಮೂಗಿಲ್ಲದೆಯೂ ಮೂಗಿನ ಕೆಲಸ ಮಾಡಬಲ್ಲೆ ಎಂದು ಬೀಗಿದೆ.

“ಇನ್ನಾದ್ರೂ ಹೇಳ್ಬಿಡಿ” ಎಂದಳು ನಾದಿನಿ. “ಈಗ ಹೇಳಿದ್ರೆ ನಿಮ್ಮ ಹೆಚ್ಚುಗಾರಿಕೆನೇ ಆಗುತ್ತೆ.”

“ನಡೀತಿರೋ ಗಾಡಿಗೆ ಕೋಲು ಯಾಕೆ ಹಾಕ್ಬೇಕು?” ಎಂದೆ.

ಹನ್ನೊಂದನೆಯ ವಾರದ ಮಂಗಳವಾರ ಶಾಲೆಗಳ ಮುಂದಿನ ಅಂಗಡಿಗಳಿಗೆ ಹೋಗುವ ಮಾಲು. ಎಡಗಡೆಯ ಬಾಟಲಿಯಿಂದ ಎರಡು ಬಟ್ಟಲು ಎಣ್ಣೆ ಹಾಕಿ, ಚೂರು ಬಾಯಿಗೆ ಹಾಕಿಕೊಂಡು ಎಣಿಸಿದೆ. ಏಳಾಯಿತು, ಒಂಬತ್ತಾಯಿತು, ಹನ್ನೆರಡಕ್ಕೆ ಗಂಟಲು ತಣ್ಣಗಾಯಿತು. ಎಣ್ಣೆ ಹಳೆಯದಾಗಿರಬೇಕು, ಹಳೆಯದಾದರೆ ಬಲ ಇಳಿಯುವುದುಂಟು ಎಂದುಕೊಂಡೆ. ಇನ್ನೊಂದು ಬಟ್ಟಲು ಹಾಕಿದೆ. ಹತ್ತು. ಮತ್ತೂ ಒಂದು ಹಾಕಿದೆ. ಏಳು. ಪೈಲ್ವಾನ ಕೊಕ್ಕೆಯ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದ.

“ಸರಿ” ಎಂದೆ.

ಆ ದಿನದ ನಾಲ್ಕೂ ಪಾಕ ಹಾಗೆಯೇ ಆದವು. ಕತ್ತರಿಸಿದರು, ಸುತ್ತಿದರು, ಡಬ್ಬಿಗೆ ತುಂಬಿದರು. ಮೂರೂವರೆಗೆ ವ್ಯಾನ್ ಹೊರಟಿತು. ಅದು ಹೋಗಿ ಐದು ನಿಮಿಷಕ್ಕೆ ನಾದಿನಿ ಬಂದಳು. ಕಾರ್ಖಾನೆಯವರಿಗೆಂದು ಹೊಲಿದ ಟೊಪ್ಪಿಗಳ ಗಂಟು ಅವಳ ಕಂಕುಳಲ್ಲಿತ್ತು. ಬಾಗಿಲ ಬಳಿ ಮುರಿದ ಚೂರುಗಳ ತಟ್ಟೆ ಇರುತ್ತದೆ. ಒಂದು ಎತ್ತಿ ಬಾಯಿಗೆ ಹಾಕಿಕೊಂಡವಳು ತಕ್ಷಣ ಕೈಗೆ ಉಗಿದಳು. ಸೀದಾ ನನ್ನ ಕುರ್ಚಿಯ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು.

“ಅತ್ತಿಗೆ, ಇದು ಪುದೀನ ಅಲ್ಲ. ನೀಲಗಿರಿ.”

ನಾಲ್ಕು ಬಟ್ಟಲು! ಕೆಮ್ಮಿನ ಗುಳಿಗೆಗೆ ನಾವು ಅರ್ಧ ಬಟ್ಟಲಿಗಿಂತ ಹೆಚ್ಚು ಹಾಕುವುದಿಲ್ಲ. ನೀಲಗಿರಿ ಎಣ್ಣೆ ಅಳತೆ ಮೀರಿದರೆ ಮಕ್ಕಳಿಗೆ ವಿಷ. ಒಂದೆರಡು ತಿಂದರೆ ಏನೂ ಆಗದಿರಬಹುದು, ಆದರೆ ಯಾವ ಮಗು ಒಂದೆರಡಕ್ಕೆ ನಿಲ್ಲಿಸುತ್ತದೆ?

ಓಡಿದೆ. ಆ ಬೀದಿಯಲ್ಲಿ ನಾನು ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಐವತ್ತು ದಾಟಿದ ಹೆಂಗಸು ಏಪ್ರನ್ ಕಟ್ಟಿಕೊಂಡು, ಒಂದು ಚಪ್ಪಲಿ ದಾರಿಯಲ್ಲೇ ಬಿಟ್ಟು ಓಡುವುದನ್ನು ಕಂಡು ಜನ ಕಳ್ಳ ಎಲ್ಲಿ ಎಂದು ಮುಂದೆ ನೋಡಿದರು. ಡ್ರೈವರ್ ಮೂಲೆಯ ಚಹಾ ಅಂಗಡಿಯಲ್ಲಿ ಹತ್ತು ನಿಮಿಷ ನಿಲ್ಲುತ್ತಾನೆಂದು ನನಗೆ ಗೊತ್ತಿತ್ತು. ಅವನು ಲೋಟ ಕೆಳಗಿಟ್ಟು ಗಾಡಿ ಹತ್ತುತ್ತಿದ್ದ.

“ತಿರುಗ್ಸು” ಎಂದೆ. ಉಸಿರು ಸಿಗಲಿಲ್ಲ.

“ಯಾಕಕ್ಕ? ಯಜಮಾನ್ರು ಹೇಳಿದ್ರಾ?”

“ನಾನು ಹೇಳ್ತಿದೀನಿ.”

ಅವನು ಮರುಮಾತಾಡದೆ ತಿರುಗಿಸಿದ. ಎಣ್ಣೆಯಕ್ಕನ ಮಾತಿಗೆ ಆ ಕ್ಷಣದವರೆಗೆ ಅಷ್ಟು ಬೆಲೆ ಇತ್ತು.

ವ್ಯಾನ್ ಅಂಗಳದಲ್ಲಿ ನಿಂತಾಗ ಯಜಮಾನರು ಹೊರಗೆ ಬಂದರು. ಎಪ್ಪತ್ತರ ಹತ್ತಿರದ ಮನುಷ್ಯ, ಮಾತು ಕಮ್ಮಿ, ಬಂದಾಗ ಮಾತ್ರ ಕೊಪ್ಪರಿಗೆಯಷ್ಟೇ ಬಿಸಿ. ನೀಲಗಿರಿ ಎಂಬ ಮಾತು ಕೇಳಿದವರೇ ಕಪಾಟಿಗೆ ಹೋಗಿ ಎರಡೂ ಬಾಟಲಿ ಮೂಸಿ ನೋಡಿದರು.

“ಎಡಗಡೆ ಬಾಟ್ಲಿ ಬಲಗಡೆಗೆ ಹೇಗೆ ಬಂತು? ಯಾರು ಮುಟ್ಟಿದ್ದು?”

ಪೈಲ್ವಾನ ಮುಂದೆ ಬಂದ. ಅಷ್ಟು ದೊಡ್ಡ ಆಳು ಅಂಗೈ ಉಜ್ಜಿಕೊಳ್ಳುತ್ತಿದ್ದ. “ನಾನೇ ಯಜಮಾನ್ರೇ. ನಿನ್ನೆ ಸಂಜೆ ಕಪಾಟು ಒರೆಸ್ದೆ. ವಾಪಸ್ ಇಡುವಾಗ ಅದಲು ಬದಲು ಆಗಿರ್ಬೇಕು.”

“ಆಗಿರ್ಬೇಕು ಅಂತೆ! ಮಕ್ಕಳು ತಿನ್ನೋ ಪದಾರ್ಥ ಕಣಯ್ಯಾ! ನಿನ್ನಂಥವನನ್ನ ಒಳಗೆ ಇಟ್ಕೊಂಡ ನನಗೆ ಮೊದಲು ಬುದ್ಧಿ ಇಲ್ಲ. ನಾಳೆಯಿಂದ ನೀನು ಈ ಕಡೆ…”

ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಸುಳ್ಳು ಹೇಳಬೇಕಾಗಿರಲಿಲ್ಲ, ಸುಮ್ಮನಿದ್ದರೆ ಆಗುತ್ತಿತ್ತು. ಮಾಲು ಹಿಂದಕ್ಕೆ ಬಂದಿದೆ, ತಪ್ಪು ಮಾಡಿದವನು ತಾನೇ ಒಪ್ಪಿಕೊಂಡಿದ್ದಾನೆ, ಓಡಿಹೋಗಿ ತಡೆದವಳು ನಾನು. ಕುರ್ಚಿ ಉಳಿಯುತ್ತದೆ, ಹೊಗಳಿಕೆಯೂ ಸಿಗಬಹುದು. ಒಂದು ಕ್ಷಣ ಸುಮ್ಮನಿದ್ದೆ ಕೂಡ. ಆ ಒಂದು ಕ್ಷಣಕ್ಕೆ ನನಗೆ ಇಂದಿಗೂ ನಾಚಿಕೆಯಿದೆ.

“ಯಜಮಾನ್ರೇ, ಅವನನ್ನ ಬೈಬೇಡಿ” ಎಂದೆ. “ಬಾಟ್ಲಿ ಎಲ್ಲಿದ್ರೇನು? ಎಣ್ಣೆ ಹಾಕೋಳು ಮೂಸಿ ಹಾಕ್ತಾಳೆ ಅಂತ ತಾನೇ ಅದಕ್ಕೆ ಚೀಟಿ ಅಂಟಿಸದೆ ಇರೋದು? ನಾನು ಮೂಸ್ಲಿಲ್ಲ. ಮೂಸಿದ್ರೂ ನನಗೆ ಗೊತ್ತಾಗಲ್ಲ. ಜ್ವರ ಬಂದಾಗಿಂದ ನನಗೆ ವಾಸನೆನೇ ಇಲ್ಲ. ಹನ್ನೊಂದು ವಾರ ಆಯ್ತು.”

ಮೊದಲು ಮಾತಾಡಿದವನು ಪೈಲ್ವಾನ.

“ನನಗೆ ಬೆಳಿಗ್ಗೆನೇ ಏನೋ ಬೇರೆ ಥರ ಅನ್ನಿಸ್ತು ಅಕ್ಕ. ನೀವು ಸರಿ ಅಂದ್ರಲ್ಲ, ನನ್ನ ಮೂಗೇ ಕೆಟ್ಟಿದೆ ಅಂದ್ಕೊಂಡೆ.”

ಅವನು ಅದನ್ನು ಚುಚ್ಚುವುದಕ್ಕೆ ಹೇಳಲಿಲ್ಲ, ನಿಜವಾಗಿಯೂ ಹಾಗೇ ನಂಬಿದ್ದ. ಯಜಮಾನರ ಬೈಗುಳ ತಿಂದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

“ಹನ್ನೊಂದು ವಾರ ನನ್ನ ಮುಖ ನೋಡ್ಕೊಂಡು ಸರಿ ಅಂದ್ಯಲ್ಲಮ್ಮ” ಎಂದರು ಯಜಮಾನರು.

“ನಾಲಿಗೇಲಿ ತಂಪು ಅಳೆದು ಹೇಳ್ತಿದ್ದೆ. ಇವತ್ತಿನವರೆಗೂ ತಪ್ಪಿರ್ಲಿಲ್ಲ.”

“ಇವತ್ತು?”

“ಇವತ್ತು ತಪ್ಪಿದೆ.”

“ಆ ಕುರ್ಚಿ ಮೇಲೆ ಇನ್ನು ನೀನು ಕೂರ್ಬೇಡ. ಮನೆಗೆ ಹೋಗು. ಏನು ಮಾಡೋದು ಅಂತ ಆಮೇಲೆ ನೋಡೋಣ.”

“ಕುರ್ಚಿ ಬಿಟ್ಟೆ. ಕೆಲಸ ಬಿಡಲ್ಲ” ಎಂದೆ. “ಈ ಮಾಲನ್ನ ಯಾರು ಕರಗಿಸೋದು? ಸಿಹಿ ಅಂತ ಯಾರಾದ್ರೂ ಆರಿಸ್ಕೊಂಡು ತಿಂದ್ರೆ? ಇದು ಮುಗಿಯೋವರೆಗೂ ನಾನು ಹೋಗಲ್ಲ.”

ಅವರು ಬೇಡ ಎನ್ನಲಿಲ್ಲ. ಡಬ್ಬಿ ಒಡೆದು, ಒಂದೊಂದೇ ಕಾಗದ ಬಿಚ್ಚಿ, ಬಿಸಿನೀರಿನ ಡ್ರಮ್ಮಿಗೆ ಸುರಿದು ಕರಗಿಸಿದೆ. ನಾದಿನಿ ಕೇಳದೆಯೇ ಎದುರಿಗೆ ಕೂತು ಕಾಗದ ಬಿಚ್ಚತೊಡಗಿದಳು. ಹಬೆ ಕಣ್ಣಿಗೆ ಹೊಡೆದು ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನನ್ನ ಕಣ್ಣಲ್ಲಿಯೂ ಸುರಿಯುತ್ತಿತ್ತು, ಆದರೆ ನನ್ನದಕ್ಕೆ ಹಬೆಯೊಂದೇ ಕಾರಣವಲ್ಲ.

“ನಾಳೆಯಿಂದ ನೀನು ಕೂತ್ಕೋ” ಎಂದೆ.

“ಎಲ್ಲಿ?”

“ಕುರ್ಚೀಲಿ. ಯಜಮಾನರ ಹತ್ರ ನಾನು ಮಾತಾಡ್ತೀನಿ.”

“ನನಗೆ ಬೇಡ.” ಕಾಗದ ಹರಿಯುವಷ್ಟು ಜೋರಾಗಿ ಎಳೆದಳು. “ಹೆತ್ತ ಅಮ್ಮನೇ ಕೊಡಲಿಲ್ಲ. ಈಗ ನಿಮಗೆ ಬೇಡವಾದ್ಮೇಲೆ ನಾನು ಕೂರ್ಬೇಕಾ?”

“ನನಗೆ ಬೇಡವಾಗಿಲ್ಲ. ಈಗಲೂ ಬೇಕು. ಹೊಟ್ಟೆ ಉರೀತಿದೆ” ಎಂದೆ. ಆಮೇಲೆ ಇಪ್ಪತ್ತೆರಡು ವರ್ಷ ಹೇಳದ ಮಾತು ಬಾಯಿಗೆ ಬಂತು, ಬಂದದ್ದನ್ನು ತಡೆಯಲಿಲ್ಲ. “ಅವತ್ತು ಅತ್ತೆ ಮಾಡಿದ್ದು ತಪ್ಪು. ಒಳ್ಳೆ ಮೂಗು ನಿಂದು ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಒಂದು ಮಾತು ಹೇಳಿದ್ರೆ ಅವರು ಕೇಳ್ತಿದ್ರು. ಕುರ್ಚಿ ಬೇಕಿತ್ತು, ಸುಮ್ಮನಿದ್ದೆ. ಇವತ್ತು ಪೈಲ್ವಾನನ ವಿಷಯದಲ್ಲೂ ಒಂದು ಕ್ಷಣ ಹಾಗೇ ಸುಮ್ಮನಿದ್ದೆ ನೋಡು, ಆಗ ನಿನ್ನ ನೆನಪಾಯ್ತು.”

ಸೂಜಿಗೆ ಮಾತೇ ಹೊರಡಲಿಲ್ಲ. ನನಗೆ ಗೊತ್ತಿರುವಂತೆ ಅದೇ ಮೊದಲು. ಮೂರು ಡಬ್ಬಿ ಖಾಲಿಯಾಗುವವರೆಗೂ ತಲೆಯೆತ್ತದೆ ಕಾಗದ ಬಿಚ್ಚಿದಳು. ಆಮೇಲೆ ಮೂಗು ಒರೆಸಿಕೊಂಡು, “ಬೆಳಿಗ್ಗೆ ಎಷ್ಟು ಗಂಟೆಗೆ ಹೋಗ್ಬೇಕು?” ಎಂದು ಕೇಳಿದಳು.

ಯಜಮಾನರು ಮೊದಲು ಒಪ್ಪಲಿಲ್ಲ. “ಅವಳ ಬಾಯಿ ನನಗೆ ಗೊತ್ತಿಲ್ವಾ?” ಎಂದರು. “ಬಾಯಿ ಇದ್ದಿದ್ದಕ್ಕೆ ಇವತ್ತು ಮಕ್ಕಳು ಉಳಿದ್ವು” ಎಂದೆ. “ನನ್ನ ಹಾಗೆ ಹನ್ನೊಂದು ವಾರ ಗುಟ್ಟು ಇಟ್ಕೊಳ್ಳೋದು ಅವಳಿಂದ ಹನ್ನೊಂದು ನಿಮಿಷನೂ ಆಗಲ್ಲ. ನಿಮಗೆ ಅಂಥವಳೇ ಬೇಕು.” ಅವರು ಬಹಳ ಹೊತ್ತು ಕೊಪ್ಪರಿಗೆ ತಿಕ್ಕಿದರು, ಕೊನೆಗೆ ನೋಡೋಣ ಎಂದರು. ನಾನು ಹೊರಡುವ ಮೊದಲು, ನಾದಿನಿ ಮೂಸಿ ಹೇಳಿದಂತೆ, ಎರಡು ಬಾಟಲಿಗೂ ಚೀಟಿ ಅಂಟಿಸಿದೆ.

ಬೆಳಿಗ್ಗೆ ಆರಕ್ಕೆ ಇಬ್ಬರೂ ಹೋದೆವು. ಅವಳು ಹಿಂಬಾಗಿಲಿನ ಗಾಳಿಗೆ ಕೂತಳು. ನೋಡಲಾಗಲಿಲ್ಲ, ಯಾರೋ ನನ್ನ ಬಟ್ಟೆ ಹಾಕಿಕೊಂಡು ನನ್ನೆದುರೇ ಕೂತಂತಿತ್ತು. ಪ್ಯಾಕಿಂಗ್ ಮೇಜಿನಲ್ಲಿ ನನಗೆಂದು ಒಂದು ಸ್ಟೂಲು ಹಾಕಿದ್ದರು, ಹೆಂಗಸರು ಸರಿದು ಜಾಗ ಮಾಡಿಕೊಟ್ಟರು, ಎಲ್ಲರ ಮುಖದಲ್ಲೂ ಅಯ್ಯೋ ಪಾಪ. ನಾನು ಅದನ್ನು ದಾಟಿಕೊಂಡು ಕೊಕ್ಕೆಯ ಹತ್ತಿರ ಹೋಗಿ ತೋಳೇರಿಸಿದೆ. ಪಾಕ ಬಿಸಿಯಾಗಿ ಕೊಕ್ಕೆಗೆ ಬಿದ್ದಿತ್ತು. ಎಳೆಯುವುದಕ್ಕೆ ನಿಜವಾಗಿ ಎರಡು ಜೊತೆ ಕೈ ಬೇಕು. ಪೈಲ್ವಾನ ಇಷ್ಟು ವರ್ಷ ಒಬ್ಬನೇ ಎಳೆಯುತ್ತಿದ್ದ, ಯಾರೂ ಕೇಳಿರಲಿಲ್ಲ.

ಅವನು ಗಾಬರಿಯಿಂದ ಯಜಮಾನರ ಕಡೆ ನೋಡಿದ. ಅವರು ನಮಗೆ ಬೆನ್ನು ಹಾಕಿ ಒಲೆ ನೋಡುತ್ತಿದ್ದರು.

“ಬೇಡ ಅಕ್ಕ, ಸುಡುತ್ತೆ. ಈ ವಯಸ್ಸಲ್ಲಿ ನಿಮ್ಮ ಭುಜ ಬಿದ್ದುಹೋಗುತ್ತೆ.”

“ಮೂಗು ಹೋದಾಗ್ಲೇ ಮನೇಲಿ ಕೂರ್ಲಿಲ್ಲ, ಭುಜಕ್ಕೆ ಹೆದರ್ತೀನಾ?” ಎಂದು ಪಾಕದ ಆ ತುದಿಯನ್ನು ಎರಡೂ ಕೈಯಲ್ಲಿ ಹಿಡಿದೆ. ಚುರ್ ಎಂದಿತು. ಬಿಡಲಿಲ್ಲ. “ಆರೋಕೆ ಮುಂಚೆ ಎಳಿ.”